ಕಪ್ಪು ಬೆಲ್ಜಿಯನ್ ಬಿಯರಿನ ರಸಪರೀಕ್ಷೆ: ಬೇಗೂರಿನ ಅಡಿಗೆಮನೆಯ ಮಾತುಗಳಲ್ಲಿ ಒಂದು ವಿವರಣೆ

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯನ್ನು ಸೇರುವ ಮುನ್ನ, ಬೇಗೂರು ಎಂಬ ಊರು ಸಿಗುತ್ತದೆ. ಇದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ ಹೋಬಳಿಯ ಕೇಂದ್ರ. ‘ಬೆಂಗಳೂರು’ ಎಂಬ ಹೆಸರನ್ನೊಳಗೊಂಡ ಶಾಸನದಿಂದ ಪ್ರಸಿದ್ಧವಾಗಿರುವ ಬೇಗೂರು ಬೇರೆ. ಅದು ಬೆಂಗಳೂರಿನ ದಕ್ಷಿಣ ಭಾಗದಲ್ಲಿದೆ. ನಮ್ಮ ಬೇಗೂರಿನ ಸುತ್ತಣ ಹೊಲಗಳಲ್ಲಿ ರಾಗಿ, ಬಾಳೆ, ಕಬ್ಬು, ಅರಿಸಿನಗಳು ಬೆಳೆಯುತ್ತವೆ. ಬಿಯರಿನ ವಿಚಾರವನ್ನು ಹೇಳಹೊರಟ ಲೇಖನವು ಈ ಊರಿನಿಂದ ಆರಂಭವಾಗುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿನ ಬೆಳೆಗಳಿಗೂ ಸಾವಿರಾರು ಮೈಲಿ ದೂರದ ಬೆಲ್ಜಿಯಂ ದೇಶದ ಕಪ್ಪು ಬಿಯರಿಗೂ ರುಚಿಯ ಮಟ್ಟದಲ್ಲಿ ಒಂದು ಸಂಬಂಧವುಂಟೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಭಾಗದ ಜನರು ಬಿಯರ್ ಎಂದರೆ ಸಾಮಾನ್ಯವಾಗಿ ತಿಳಿಯುವುದು ಹೊಂಬಣ್ಣದ, ಬಹಳ ತಣ್ಣಗಿನ, ದೊಡ್ಡ ಕಾರ್ಖಾನೆಯಲ್ಲಿ ತಯಾರಾದ ಪಾನೀಯವನ್ನು. ಅಂಥ ಕಾರ್ಖಾನೆಯೊಂದು ನಂಜನಗೂಡಿನಲ್ಲಿಯೇ ಇದೆ. ಅದು ಯುನೈಟೆಡ್ ಬ್ರೂವರೀಸ್ ಸಂಸ್ಥೆಗೆ ಸೇರಿದ್ದು. ಈ ಸಂಸ್ಥೆಯ ಮೂಲವು ದಕ್ಷಿಣ ಭಾರತದ ಐದು ಬ್ರೂವರಿಗಳಲ್ಲಿದೆ. ಅವುಗಳಲ್ಲಿ ಅತ್ಯಂತ ಹಳೆಯದಾದ ಕ್ಯಾಸಲ್ ಬ್ರೂವರಿಯ ಕಾಲ ೧೮೫೭. ಬ್ರಿಟಿಷ್ ದಂಡಿನವರಿಗೆ ಬೇಕಾದ ಬಿಯರು ಆಗ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಗಳ ಮೇಲೆ ಸಾಗುತ್ತಿತ್ತು. ೧೯೧೫ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಈ ಐದನ್ನೂ ಒಂದುಗೂಡಿಸಿದನು. ಹೀಗೆ ನಮ್ಮಲ್ಲಿಗೆ ಬಂದ ಬಿಯರು ದಂಡಿನ ಬಾಯಾರಿಕೆಗಾಗಿ ಬಂದದ್ದು. ಬಾಯಾರಿದವನು ರುಚಿಯನ್ನು ವಿಚಾರಿಸುವುದಿಲ್ಲ.

೨೦೧೦–೧೧ರ ಹೊತ್ತಿಗೆ ಬೆಂಗಳೂರಿನಲ್ಲಿ ಸ್ಥಳದಲ್ಲಿಯೇ ಬಿಯರನ್ನು ಕಾಯಿಸಿ ಕೊಡುವ ಸಣ್ಣ ಬ್ರೂವರಿಗಳು ತೆರೆದವು. ಅಲ್ಲಿಂದೀಚೆಗೆ ಬೆಲ್ಜಿಯಂ ಮಾದರಿಯ ಬಿಯರುಗಳೂ ಕರ್ನಾಟಕದ ತರುಣರಿಗೆ ಪರಿಚಯವಾಗಿವೆ. ಆದರೆ ಅವುಗಳ ರುಚಿಯನ್ನು ವರ್ಣಿಸುವ ಮಾತುಗಳೆಲ್ಲವೂ ಪರದೇಶದವು. ಪ್ಲಮ್, ಫಿಗ್, ಟಾಫಿ ಎಂದು ಓದಿದ ಬೇಗೂರಿನ ತರುಣನಿಗೆ ಅವುಗಳಲ್ಲಿ ಕೆಲವನ್ನು ತಿಂದು ಗೊತ್ತಿರುವುದಿಲ್ಲ. ತನ್ನ ನಾಲಗೆಗೆ ಈ ವಿದ್ಯೆ ಎಟುಕದೆಂದು ಅವನು ಭಾವಿಸಿದರೆ ಆಶ್ಚರ್ಯವಿಲ್ಲ. ಆ ಭಾವನೆ ಸರಿಯಲ್ಲವೆಂಬುದೇ ನಮ್ಮ ಪ್ರತಿಪಾದನೆ.

೧. ಪಾನೀಯದ ಸ್ವರೂಪ

ಬೆಲ್ಜಿಯಂನ ಕಪ್ಪು ಬಿಯರುಗಳಲ್ಲಿ ಮುಖ್ಯವಾದುದು ‘ಡುಬ್ಬೆಲ್’ ಎಂಬ ಬಗೆ. ಈ ಮಾತಿಗೆ ಎರಡು ಪಟ್ಟು ಎಂದು ಅರ್ಥ. ಮಠದ ನಿತ್ಯದ ಸಾಧಾರಣ ಬಿಯರಿಗಿಂತ ಸತ್ತ್ವದಲ್ಲಿ ಹೆಚ್ಚಿನದೆಂದು ಇಷ್ಟೇ ತಾತ್ಪರ್ಯ. ಲೆಕ್ಕಕ್ಕೆ ಸರಿಯಾಗಿ ಎರಡರಷ್ಟೆಂದು ತಿಳಿಯಬೇಕಾಗಿಲ್ಲ. ಬಣ್ಣ ಕೆಂಪು ಬೆರೆತ ಕಂದು. ಮದ್ಯಸಾರ ನೂರಕ್ಕೆ ಆರರಿಂದ ಏಳೂವರೆಯವರೆಗೆ. ಇದಕ್ಕಿಂತಲೂ ಪ್ರಬಲವಾದ ಕಪ್ಪು ಬಿಯರುಗಳಲ್ಲಿ ಮದ್ಯಸಾರ ನೂರಕ್ಕೆ ಹತ್ತು ಹನ್ನೊಂದಕ್ಕೆ ಏರುವುದುಂಟು.

ಇದರ ಸಾಮಗ್ರಿ ಐದು: ನೀರು, ಮೊಳೆತ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂ, ಯೀಸ್ಟ್ ಮತ್ತು ಪಾಕಮಾಡಿದ ಸಕ್ಕರೆ. ಮೊದಲನೆಯ ಕ್ರಿಯೆಯನ್ನು ನಮ್ಮ ಮನೆಗಳಲ್ಲಿ ತಾಯಂದಿರು ಚೆನ್ನಾಗಿ ಬಲ್ಲರು. ಮಗುವಿನ ಸರಿಗಾಗಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸುತ್ತಾರೆ. ಬಾರ್ಲಿಗೆ ಮಾಡುವುದೂ ಇದನ್ನೇ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು, ಮುಂದೆ ನುಚ್ಚನ್ನು ಸುಮಾರು ೬೩ರಿಂದ ೬೮ ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಇಟ್ಟಾಗ, ಅದರ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆರಾಗಿಯ ಸರಿಯು ಬರಿಯ ರಾಗಿಯ ಗಂಜಿಗಿಂತ ತೆಳುವಾಗಿಯೂ ಸಿಹಿಯಾಗಿಯೂ ಇರುವುದಕ್ಕೆ ಕಾರಣ ಇದೇ.

ಎರಡನೆಯ ಕ್ರಿಯೆಗೆ ಆಲೆಮನೆಯೇ ದೃಷ್ಟಾಂತ. ಡುಬ್ಬೆಲ್ಲಿನ ಕಪ್ಪು ಬಹುಮಟ್ಟಿಗೆ ಬರುವುದು ಕಂದುಬಣ್ಣಕ್ಕೆ ಕಾಯಿಸಿದ ಸಕ್ಕರೆಯ ಪಾಕದಿಂದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತ ಕಾಯುತ್ತ ಮೊದಲು ಹೊನ್ನಿನ ಬಣ್ಣಕ್ಕೂ, ಆಮೇಲೆ ಕೆಂಪಿಗೂ, ಹದ ಮೀರಿದರೆ ಕಪ್ಪಿಗೂ ತಿರುಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಲ್ಜಿಯಂನಲ್ಲಿ ಕಬ್ಬಿಲ್ಲ; ಸಕ್ಕರೆ ಬೀಟ್ ಗೆಡ್ಡೆಯಿಂದ ಬಂದದ್ದು. ಬ್ರಿಟಿಷರ ನೌಕಾಬಲದಿಂದ ವೆಸ್ಟ್ ಇಂಡೀಸಿನ ಕಬ್ಬಿನ ಸಕ್ಕರೆ ನಿಂತುಹೋದಾಗ, ನೆಪೋಲಿಯನ್ ೧೮೧೧ರಲ್ಲಿ ಬೀಟ್ ಬೆಳೆಸಲು ಆಜ್ಞೆಮಾಡಿದನು. ಬೆಲ್ಜಿಯಂ ಆಗ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಹೊಲಗಳಿಗೆ ಬೀಟ್ ಹರಡಲು ಈ ಆಜ್ಞೆ ಸಹಾಯಕವಾಯಿತು.

ಮೂರನೆಯ ಕ್ರಿಯೆ ಹುದುಗು. ಹೊಂಬಣ್ಣದ ಲಾಗರ್ ಬಿಯರನ್ನು ಸುಮಾರು ೮ರಿಂದ ೧೩ ಡಿಗ್ರಿಯ ತಂಪಿನಲ್ಲಿ ಹುದುಗಿಸುತ್ತಾರೆ. ಆಗ ಯೀಸ್ಟ್ ಮೆಲ್ಲಗೆ ಕೆಲಸಮಾಡಿ ಹೆಚ್ಚು ಪರಿಮಳವನ್ನು ಬಿಡುವುದಿಲ್ಲ. ಬೆಲ್ಜಿಯಂನವರು ೧೮ರಿಂದ ೨೫ ಡಿಗ್ರಿಯವರೆಗಿನ ಬೆಚ್ಚನೆಯ ಹದದಲ್ಲಿ ಹುದುಗಿಸುತ್ತಾರೆ. ಆಗ ಯೀಸ್ಟ್ ಹಣ್ಣಿನ ವಾಸನೆಯ ದ್ರವ್ಯಗಳನ್ನು ಹುಟ್ಟಿಸುತ್ತದೆ. ಅವುಗಳಲ್ಲಿ ಐಸೋಅಮೈಲ್ ಅಸಿಟೇಟ್ ಎಂಬುದು ಮುಖ್ಯವಾದದ್ದು. ಮಾಗಿದ ಬಾಳೆಹಣ್ಣಿನ ಪರಿಮಳಕ್ಕೆ ಪ್ರಧಾನ ಕಾರಣವಾದ ದ್ರವ್ಯವೂ ಇದೇ. ಕೆಲವು ಯೀಸ್ಟುಗಳು ಇದರೊಡನೆ ಲವಂಗದ ವಾಸನೆಯ ಮತ್ತೊಂದು ದ್ರವ್ಯವನ್ನೂ ಹುಟ್ಟಿಸುತ್ತವೆ. ಬಿಯರಿಗೆ ಬಾಳೆಹಣ್ಣನ್ನೂ ಲವಂಗವನ್ನೂ ಯಾರೂ ಹಾಕಿರುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

೨. ಚರಿತ್ರೆ

ಈ ಬಿಯರು ಬೆಳೆದದ್ದು ಕ್ರೈಸ್ತ ಸಂನ್ಯಾಸಿಗಳ ಮಠಗಳಲ್ಲಿ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಯು ಸಂನ್ಯಾಸಿಗಳು ತಮ್ಮ ಕೈಕೆಲಸದಿಂದ ಬದುಕಬೇಕೆಂದು ವಿಧಿಸುತ್ತದೆ; ಪಾನದ ಪ್ರಮಾಣಕ್ಕೂ ಒಂದು ಮಿತಿಯನ್ನು ಹೇಳುತ್ತದೆ. ದ್ರಾಕ್ಷಿ ಬೆಳೆಯದ ಉತ್ತರದ ನಾಡುಗಳಲ್ಲಿ ದ್ರಾಕ್ಷಾರಸದ ಸ್ಥಾನವನ್ನು ಬಿಯರು ಪಡೆಯಿತು. ಟ್ರ್ಯಾಪಿಸ್ಟ್ ಪಂಥಕ್ಕೆ ಸೇರಿದ ವೆಸ್ಟ್‌ಮಾಲ್ ಮಠವು ೧೭೯೪ರಲ್ಲಿ ಸ್ಥಾಪಿತವಾಯಿತು. ೧೮೩೬ರಲ್ಲಿ ಅಲ್ಲಿನ ಸಂನ್ಯಾಸಿಗಳು ತಮ್ಮ ಊಟದ ಬಿಯರನ್ನು ತಾವೇ ತಯಾರಿಸತೊಡಗಿದರು. ೧೮೫೬ರ ಸುಮಾರಿಗೆ ಅಲ್ಲಿ ಕಂದುಬಣ್ಣದ ಪ್ರಬಲವಾದ ಬಿಯರೊಂದು ಹುಟ್ಟಿತು. ೧೯೨೬ರಲ್ಲಿ ಅದರ ಕ್ರಮವನ್ನು ತಿದ್ದಿದರು. ಇಂದಿನ ಡುಬ್ಬೆಲ್ಲಿಗೆ ಮಾದರಿಯಾದದ್ದು ಅದು. ಷಿಮೇ ಎಂಬ ಹೆಸರಿನಿಂದ ಪ್ರಸಿದ್ಧವಾದ ಬಿಯರು ೧೮೬೨ರಿಂದ ಸ್ಕೂರ್ಮೋಂಟ್ ಮಠದಲ್ಲಿ ತಯಾರಾಗುತ್ತ ಬಂದಿದೆ.

ಆದರೆ ಮಠದ ಶಿಸ್ತೊಂದೇ ಈ ಬಿಯರಿನ ಪ್ರಾಬಲ್ಯವನ್ನು ವಿವರಿಸಲಾರದು. ಮೊದಲನೆಯ ಮಹಾಯುದ್ಧದ ತರುವಾಯ, ೧೯೧೯ರಲ್ಲಿ, ಮಂತ್ರಿ ಎಮಿಲ್ ವಾಂದರ್‌ವೆಲ್ದೆಯ ಪ್ರಯತ್ನದಿಂದ ಬೆಲ್ಜಿಯಂನಲ್ಲಿ ಒಂದು ಶಾಸನ ಜಾರಿಗೆ ಬಂದಿತು. ಅದರಂತೆ ಪಾನಗೃಹಗಳಲ್ಲಿ ಭಟ್ಟಿಯಿಳಿಸಿದ ಮದ್ಯವನ್ನು ಮಾರುವುದು ನಿಷಿದ್ಧವಾಯಿತು. ಅಂಗಡಿಯಲ್ಲಿ ಕೊಳ್ಳುವವನು ಒಮ್ಮೆಗೆ ಕನಿಷ್ಠ ಎರಡು ಲೀಟರ್ ಕೊಳ್ಳಬೇಕಾಯಿತು. ಅಷ್ಟು ಹಣವನ್ನು ಒಮ್ಮೆಗೆ ತೆರಲಾರದ ಕೂಲಿಗಾರನನ್ನು ಕುಡಿತದಿಂದ ತಪ್ಪಿಸುವುದು ಇದರ ಉದ್ದೇಶ. ಗಂಟಲನ್ನು ಬೆಚ್ಚಗೆ ಮಾಡುವ ಜಿನ್ ಮದ್ಯ ಪಾನಗೃಹದಿಂದ ಮರೆಯಾದಾಗ, ಅದರ ಜಾಗಕ್ಕೆ ಪ್ರಬಲವಾದ ಬಿಯರುಗಳು ಬಂದವು. ೧೯೮೩ರವರೆಗೆ ಉಳಿದ ಈ ಶಾಸನವು ಬೆಲ್ಜಿಯಂನ ನಾಲಗೆಯನ್ನು ಎರಡು ತಲೆಮಾರುಗಳ ಕಾಲ ತಿದ್ದಿತೆಂದರೆ ತಪ್ಪಾಗಲಾರದು. ಕುಡಿತವನ್ನು ತಡೆಯಹೊರಟ ಶಾಸನವೊಂದು, ತಾನು ಬಯಸದೆಯೇ, ಇಂದು ಲೋಕವು ಕೊಂಡಾಡುವ ಬಿಯರಿಗೆ ಪೋಷಕವಾಯಿತು. ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯು ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

೩. ರಸಪರೀಕ್ಷೆಯ ಕ್ರಮ

ಇನ್ನು ಬಟ್ಟಲಿನ ವಿಚಾರಕ್ಕೆ ಬರೋಣ. ಮೊದಲನೆಯ ನಿಯಮ ಶಾಖದ್ದು. ಬಹಳ ತಣ್ಣಗಿರುವ ಪದಾರ್ಥದ ವಾಸನೆ ಮೇಲೇಳುವುದಿಲ್ಲ, ನಾಲಗೆಯೂ ಮಂಕಾಗುತ್ತದೆ. ಈ ಬಿಯರಿಗೆ ೧೦ರಿಂದ ೧೪ ಡಿಗ್ರಿಯ ತಂಪು ಸಾಕು. ಶೀತಪೆಟ್ಟಿಗೆಯಿಂದ ತೆಗೆದು ಸುಮಾರು ಅರ್ಧ ಗಂಟೆ ಹೊರಗಿಟ್ಟರೆ ಈ ಹದ ಬರುತ್ತದೆ. ಸೀಸೆಯಲ್ಲಿಯೇ ಎರಡನೆಯ ಸಲ ಹುದುಗು ಬಂದಿರುವುದರಿಂದ ಅದರ ತಳದಲ್ಲಿ ಯೀಸ್ಟಿನ ಗಸಿ ನಿಂತಿರುತ್ತದೆ. ಆದಕಾರಣ ಸೀಸೆಯನ್ನು ನೆಟ್ಟಗಿರಿಸಿ, ಬಾಯಗಲದ ಗಾಜಿನ ಬಟ್ಟಲಿಗೆ ಮೆಲ್ಲಗೆ ಬಗ್ಗಿಸಿ, ಕೊನೆಯ ಬೆರಳಗಲದಷ್ಟನ್ನು ಸೀಸೆಯಲ್ಲಿಯೇ ಬಿಡಬೇಕು.

ಕಣ್ಣಿನ ಪರೀಕ್ಷೆ ಮೊದಲು. ಬಟ್ಟಲನ್ನು ಬೆಳಕಿಗೆ ಹಿಡಿದರೆ ಕಪ್ಪೆಂದು ತೋರಿದ್ದು ಮಾಣಿಕ್ಯದ ಕೆಂಪಾಗುತ್ತದೆ. ಹಳೆಯ ಜೋನಿಬೆಲ್ಲವನ್ನು ಸೌಟಿನಿಂದ ಎತ್ತಿ ಬಿಸಿಲಿಗೆ ಹಿಡಿದಾಗ ಕಾಣುವ ಬಣ್ಣ ಇದಕ್ಕೆ ಹತ್ತಿರ. ನೊರೆ ದಪ್ಪವಾಗಿ, ನಸುಗಂದಾಗಿ, ಬೇಗ ಇಳಿಯದೆ ನಿಲ್ಲಬೇಕು.

ಎರಡನೆಯದು ಮೂಗಿನ ಪರೀಕ್ಷೆ, ಇದೇ ಮುಖ್ಯವಾದದ್ದು. ನಾವು ರುಚಿಯೆನ್ನುವುದರಲ್ಲಿ ಬಹುಭಾಗ ವಾಸನೆಯೇ ಆಗಿರುತ್ತದೆ. ನೆಗಡಿಯಾದವನಿಗೆ ಸಾರು ಸಪ್ಪೆಯಾಗುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಮೊದಲು ಬರುವುದು ಬೆಲ್ಲದ ಪಾಕದ ವಾಸನೆ. ಅದರ ಹಿಂದೆ ಹುರಿದ ಧಾನ್ಯದ್ದು. ಈ ಎರಡೂ ಕೂಡಿದ ವಾಸನೆಗೆ ನಮ್ಮಲ್ಲಿ ಒಂದೇ ಹೆಸರು ಹೇಳಬೇಕಾದರೆ ಕಜ್ಜಾಯ ಎನ್ನಬೇಕು: ದೀಪಾವಳಿಯ ದಿನ ಬಾಣಲೆಯಿಂದ ತೆಗೆದ ಕಜ್ಜಾಯದ ಕಂದುಗಟ್ಟಿದ ಅಂಚಿನಲ್ಲಿ ಈ ಬಿಯರಿನ ಅರ್ಧ ಪರಿಮಳ ಇದೆ. ಮೂರನೆಯದಾಗಿ ಹಣ್ಣು. ಪರದೇಶದ ಗ್ರಂಥಗಳು ಹೇಳುವ ಒಣಗಿದ ಪ್ಲಮ್ ಹಣ್ಣನ್ನು ಕಾಣದವರು, ವರ್ಷ ಕಳೆದು ಕಪ್ಪಾದ ಹುಣಸೆಹಣ್ಣನ್ನೂ ಒಣದ್ರಾಕ್ಷಿಯನ್ನೂ ಒಟ್ಟಿಗೆ ನೆನೆದುಕೊಂಡರೆ ಸಾಕು. ಬಾಳೆಹಣ್ಣಿನ ಪರಿಮಳವೂ ಇರುತ್ತದೆ. ಆದರೆ ಪಚ್ಚಬಾಳೆಯ ತೆಳು ವಾಸನೆಯನ್ನು ಇಲ್ಲಿ ಹುಡುಕಬಾರದು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ನಂಜನಗೂಡು ರಸಬಾಳೆಯ ಗಾಢವಾದ ಪರಿಮಳವನ್ನು ನೆನೆಯಬೇಕು. ಬೇಗೂರಿನವನಿಗೆ ಈ ವಿಷಯದಲ್ಲಿ ಬ್ರಸೆಲ್ಸಿನವನಿಗಿಂತ ಹೆಚ್ಚಿನ ಅನುಕೂಲವುಂಟು: ಬಾಳೆಯಲ್ಲಿ ಎಷ್ಟು ಬಗೆಯ ವಾಸನೆಗಳಿವೆಯೆಂಬುದನ್ನು ಆತನು ಎಳೆವೆಯಿಂದಲೇ ಅರಿತಿರುತ್ತಾನೆ.

ಮೂರನೆಯದು ಬಾಯಿ. ಒಂದು ಸಣ್ಣ ಗುಟುಕನ್ನು ನಾಲಗೆಯ ಮೇಲೆ ಹರಡಿ, ನುಂಗುವಾಗ ಮೂಗಿನಿಂದ ಉಸಿರನ್ನು ಬಿಡಬೇಕು. ಮೊದಲು ಸಿಹಿ ತೋರುತ್ತದೆ; ಆದರೆ ಅದು ನಿಲ್ಲುವುದಿಲ್ಲ. ಒಳ್ಳೆಯ ಡುಬ್ಬೆಲ್ಲನ್ನು ಗುರುತಿಸುವ ಸೂಕ್ಷ್ಮ ಇಲ್ಲಿಯೇ ಇದೆ. ಪಾಕದ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿಯಾಗಿ ತಿಂದುಬಿಟ್ಟಿರುವುದರಿಂದ, ವಾಸನೆ ಬೆಲ್ಲದ್ದಾದರೂ ಬಾಯಿ ಒಣಗಿದಂತೆ ಶುಚಿಯಾಗಿ ಮುಗಿಯಬೇಕು. ಅಂಟಂಟಾಗಿ ಸಿಹಿ ಉಳಿದರೆ ಹುದುಗು ಪೂರ್ಣವಾಗಲಿಲ್ಲವೆಂದೇ ತಿಳಿಯತಕ್ಕದ್ದು. ಹಾಪ್ಸಿನ ಕಹಿ ಸಿಹಿಯನ್ನು ತೂಗುವಷ್ಟು ಮಾತ್ರ ಇರಬೇಕು. ಹುರಿದ ರಾಗಿಯ ಘಮವಿರಬೇಕೇ ಹೊರತು ಸೀದ ರಾಗಿಯ ಕಮಟು ಇರಬಾರದು. ಕಾಫಿಯಂಥ ಸುಟ್ಟ ಕಹಿ ಬಂದರೆ ಅದು ಸ್ಟೌಟ್ ಎಂಬ ಬೇರೆ ಜಾತಿಯ ಬಿಯರಿನ ಲಕ್ಷಣ. ಕೊನೆಯಲ್ಲಿ ಮದ್ಯಸಾರದ ಬಿಸುಪು ಎದೆಗೆ ತಾಗಬಹುದು, ಆದರೆ ಗಂಟಲನ್ನು ಸುಡಬಾರದು.

ದೋಷಗಳನ್ನೂ ಅರಿತಿರಬೇಕು. ಒದ್ದೆಯಾದ ರಟ್ಟಿನ ವಾಸನೆಯಿದ್ದರೆ ಸೀಸೆಯೊಳಗೆ ಗಾಳಿ ತಾಗಿ, ಬಿಸಿಲಿನ ನಾಡಿನ ಉಗ್ರಾಣದಲ್ಲಿ ಬಹುಕಾಲ ಕುಳಿತಿದೆ ಎಂದರ್ಥ. ವಿನಿಗರಿನಂಥ ಚುರುಕಾದ ಹುಳಿ ಬ್ಯಾಕ್ಟೀರಿಯಾದ ಕೆಲಸ. ಬೆಣ್ಣೆಯ ವಾಸನೆ ಎದ್ದು ತೋರಿದರೆ ಹುದುಗು ಮುಗಿಯುವ ಮುನ್ನವೇ ಅವಸರಪಟ್ಟಿದ್ದಾರೆಂದು ಊಹಿಸಬಹುದು.

ಎಲ್ಲ ಹೋಲಿಕೆಗಳಿಗೂ ಒಂದು ಎಲ್ಲೆಯುಂಟು. ಬೆಲ್ಲದಲ್ಲಿ ಕಬ್ಬಿನ ಲವಣಾಂಶವಿರುತ್ತದೆ. ಬೆಲ್ಜಿಯಂನ ಪಾಕದಲ್ಲಿ ಅದಿಲ್ಲ. ಹಾಪ್ಸಿನ ಕಹಿಗೆ ಸರಿಯಾದದ್ದು ನಮ್ಮ ಅಡಿಗೆಯಲ್ಲಿ ದೊರೆಯದು. ಹಾಗಲದ ಕಹಿ ಬೇರೆ, ಮೆಂತ್ಯದ ಕಹಿ ಬೇರೆ. ಹೋಲಿಕೆಯು ಪರಿಚಯದ ಬಾಗಿಲಷ್ಟೆ. ಒಳಹೊಕ್ಕ ಮೇಲೆ ಪದಾರ್ಥವನ್ನು ಅದಾಗಿಯೇ ನೋಡಬೇಕು.

೪. ನಮ್ಮ ಪರಂಪರೆಯಲ್ಲಿ ರುಚಿಯ ವಿವೇಚನೆ

ಪಾನೀಯಗಳನ್ನು ವಿವೇಚಿಸಿ ಹೆಸರಿಡುವ ಅಭ್ಯಾಸ ನಮ್ಮಲ್ಲಿ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಸುರಾಧ್ಯಕ್ಷನ ಪ್ರಕರಣದಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಬೇರ್ಪಡಿಸುತ್ತದೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆಯನ್ನೂ ಕೊಡುತ್ತದೆ. ಒಂದು ದ್ರೋಣಕ್ಕೆ ಹದಿನಾರು ಪ್ರಸ್ಥವಾದುದರಿಂದ, ಅಕ್ಕಿಯ ಎಂಟರಷ್ಟು ನೀರು ಎಂದಾಯಿತು. ಇಲ್ಲಿ ಕಿಣ್ವವೆಂದರೆ ಉದ್ದು ಮತ್ತು ಅಕ್ಕಿಗಳಿಂದ ಕೂಡಿದ ಹುದುಗಿನ ಮುದ್ದೆ. ದೋಸೆಯ ಹಿಟ್ಟನ್ನು ರುಬ್ಬಿಡುವ ಮನೆಗಳಿಗೆ ಈ ಜೋಡಿ ಅಪರಿಚಿತವಲ್ಲ. ಇದೇ ಶಬ್ದವನ್ನು ಇಂದಿನ ಕನ್ನಡ ವಿಜ್ಞಾನ ಪುಸ್ತಕಗಳು ಎನ್‌ಜೈಮ್ ಎಂಬ ಅರ್ಥದಲ್ಲಿ ಬಳಸುತ್ತವೆ. ಮೇಲೆ ಬಾರ್ಲಿಯ ಮೊಳಕೆಯನ್ನು ಕುರಿತು ಹೇಳುವಾಗ ನಾವು ಬಳಸಿದ್ದೂ ಅದನ್ನೇ. ಸುರೆಯ ಗಡಿಗೆಯಿಂದ ಪಾಠಶಾಲೆಯ ಪುಸ್ತಕಕ್ಕೆ ಬಂದ ಶಬ್ದವಿದು.

ಕನ್ನಡದಲ್ಲಿ ಪಂಪನು ೯೪೧ರಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವು ಪಾನೀಯಭೋಗವೆಂಬ ಭಾಗದಲ್ಲಿ ಕುಡಿಯುವ ನೀರನ್ನೇ ಅದರ ಮೂಲಕ್ಕೆ ತಕ್ಕಂತೆ ವಿಂಗಡಿಸುತ್ತದೆ. ನೀರಿನ ರುಚಿಯಲ್ಲಿ ಭೇದವನ್ನು ಕಂಡ ನಾಡಿನಲ್ಲಿ, ಒಗರು, ಕಮಟು, ಘಾಟು, ಕನರು, ಎಳೆಪಾಕ, ಏರುಪಾಕ ಎಂಬ ಮಾತುಗಳು ಇನ್ನೂ ಹಳ್ಳಿಯ ಅಡಿಗೆಮನೆಗಳಲ್ಲಿ ಉಳಿದಿವೆ. ಆಲೆಮನೆಗಳು ಕಡಿಮೆಯಾದಂತೆಲ್ಲ ಪಾಕದ ಹದಗಳ ಹೆಸರುಗಳೂ ಕಡಿಮೆಯಾಗುತ್ತವೆ. ಹೆಸರು ಹೋದ ರುಚಿಯನ್ನು ನಾಲಗೆ ಬಹುಕಾಲ ನೆನಪಿನಲ್ಲಿಡಲಾರದು.

೫. ಒಂದು ಆಕ್ಷೇಪಣೆ

ಇದನ್ನೆಲ್ಲ ಓದಿದ ಬೇಗೂರಿನ ಹಿರಿಯರೊಬ್ಬರು, ಕುಡಿತಕ್ಕೆ ಇಷ್ಟೊಂದು ಅಲಂಕಾರವೇಕೆಂದು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕೂಲಿಯ ಹಣ ಮನೆಗೆ ಬಾರದೆ ಹೆಂಡದಂಗಡಿಯಲ್ಲಿ ನಿಂತುದರ ದುಃಖವನ್ನು ನಮ್ಮ ಹಳ್ಳಿಗಳ ಹೆಂಗಸರು ತಲೆಮಾರುಗಳಿಂದ ಉಂಡಿದ್ದಾರೆ. ಸಂವಿಧಾನದ ೪೭ನೆಯ ಅನುಚ್ಛೇದವು ಪಾನನಿರೋಧವನ್ನು ರಾಜ್ಯದ ಗುರಿಗಳಲ್ಲಿ ಒಂದನ್ನಾಗಿ ಹೇಳಿದೆ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಷಿದ್ಧವಾಯಿತು; ಆದರೆ ಕುಡಿಯುತ್ತಿದ್ದವರಲ್ಲಿ ಅನೇಕರು ಅಗ್ಗದ ವಿಸ್ಕಿ ಬ್ರಾಂದಿಗಳ ಕಡೆಗೆ ತಿರುಗಿದರು. ಬೆಲ್ಜಿಯಂನ ೧೯೧೯ರ ಶಾಸನವೂ ಇದೂ ಕಲಿಸುವ ಪಾಠ ಒಂದೇ: ಶಾಸನವು ಒಂದು ಪಾನೀಯವನ್ನು ತೆಗೆದಾಗ ಬಾಯಿ ಬರಿದಾಗುವುದಿಲ್ಲ, ಅಲ್ಲಿಗೆ ಮತ್ತೇನು ಬರುತ್ತದೆಂಬುದನ್ನೂ ಶಾಸನ ಮಾಡುವವರು ಯೋಚಿಸಬೇಕು.

ರಸಪರೀಕ್ಷೆಯ ಹೆಸರಿನಲ್ಲಿ ಅಪಾಯವನ್ನು ಮರೆಸುವುದೂ ಸಲ್ಲದು. ನೂರಕ್ಕೆ ಐದು ಮದ್ಯಸಾರವುಳ್ಳ ೬೫೦ ಮಿಲಿಲೀಟರಿನ ದೊಡ್ಡ ಸೀಸೆಯಲ್ಲಿ ಶುದ್ಧ ಮದ್ಯಸಾರ ಸುಮಾರು ೩೨ ಮಿಲಿಲೀಟರ್ ಇರುತ್ತದೆ. ವೆಸ್ಟ್‌ಫ್ಲೆಟೆರನ್ ಮಠದ ಅತ್ಯಂತ ಪ್ರಬಲವಾದ ಕಪ್ಪು ಬಿಯರಿನಲ್ಲಿ ಮದ್ಯಸಾರ ನೂರಕ್ಕೆ ೧೦.೨, ಅದರ ೩೩೦ ಮಿಲಿಲೀಟರಿನ ಸಣ್ಣ ಸೀಸೆಯಲ್ಲಿಯೇ ಸುಮಾರು ೩೪ ಮಿಲಿಲೀಟರ್ ಇರುತ್ತದೆ. ಸೀಸೆ ಚಿಕ್ಕದೆಂದು, ರುಚಿ ಮೃದುವೆಂದು ನಂಬಿದವನು ಮೋಸಹೋಗುತ್ತಾನೆ. ಪರೀಕ್ಷೆಗೆ ನಾಲ್ಕಾರು ಗುಟುಕು ಸಾಕು. ಅದನ್ನು ಮೂರು ನಾಲ್ಕು ಮಂದಿ ಹಂಚಿಕೊಂಡು ತಮ್ಮ ತಮ್ಮ ಮಾತುಗಳನ್ನು ಹೋಲಿಸಿ ನೋಡುವುದು ಉತ್ತಮ. ಎರಡನೆಯ ಸೀಸೆಯ ಹೊತ್ತಿಗೆ ಮೂಗೂ ನಾಲಗೆಯೂ ಸಾಕ್ಷಿ ಹೇಳುವ ಯೋಗ್ಯತೆಯನ್ನು ಕಳೆದುಕೊಂಡಿರುತ್ತವೆ.

ಕುಡಿಯದವರಿಗೂ ಈ ವಿದ್ಯೆಯಿಂದ ಪ್ರಯೋಜನವುಂಟು. ಮೇಲೆ ಹೇಳಿದ ಕ್ರಮವನ್ನು ಮೊಳಕೆರಾಗಿಯ ಸರಿಗೂ, ಹುಳಿಯಂಬಲಿಗೂ, ಎರಡು ಆಲೆಮನೆಗಳ ಬೆಲ್ಲಕ್ಕೂ, ನಂಜನಗೂಡಿನ ರಸಬಾಳೆಗೂ ಅನ್ವಯಿಸಬಹುದು. ಬಣ್ಣವನ್ನು ನೋಡಿ, ವಾಸನೆಯನ್ನು ಬಿಡಿಸಿ, ಬಾಯಿಯಲ್ಲಿ ಅದು ಹೇಗೆ ಮುಗಿಯಿತೆಂದು ಗುರುತಿಸಿ, ತಕ್ಕ ಕನ್ನಡದ ಮಾತನ್ನು ಹುಡುಕುವುದೇ ಇದರ ಸಾರ. ಕಡತವನ್ನು ಓದುವ ಚರಿತ್ರಕಾರನೂ ಇದನ್ನೇ ಮಾಡುತ್ತಾನೆ: ಕಂಡದ್ದನ್ನು ಕಂಡಂತೆ ಬರೆದುಕೊಂಡು, ಅದು ಎಲ್ಲಿಂದ ಬಂತೆಂದು ವಿಚಾರಿಸುತ್ತಾನೆ. ಬೆಲ್ಜಿಯಂನ ಬಟ್ಟಲಿನಲ್ಲಿ ಮಠದ ನಿಯಮವನ್ನೂ, ನೆಪೋಲಿಯನ್ನನ ಬೀಟ್ ಗೆಡ್ಡೆಯನ್ನೂ, ೧೯೧೯ರ ಶಾಸನವನ್ನೂ ಗುರುತಿಸಬಹುದಾದರೆ, ಬೇಗೂರಿನ ಒಂದು ಅಚ್ಚು ಬೆಲ್ಲದಲ್ಲಿ ಯಾವ ಯಾವ ಚರಿತ್ರೆ ಅಡಗಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಶೋಧಿಸಬೇಕಾಗಿದೆ. ಪಾಕದ ಹದವನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಈ ಕೆಲಸ ಆಗುವುದು ಒಳ್ಳೆಯದು.